ಜರ್ಮನಿಯ ಸರ್ಕಾರಿ ವಿವಿ, ಫೀಸು, ಸೀಟು: ವಸುಧಾ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ವಸುಧಾ ಮೇಡಂ ಉತ್ತರ ಕೊಡ್ತಾರೆ. ಜರ್ಮನಿಯ ಒಂದು ಸರ್ಕಾರಿ ವಿವಿಯ ಪ್ರವೇಶ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದಾರೆ. ಪಾಸ್‌ಪೋರ್ಟ್, ಅಂಕಪಟ್ಟಿ ಇಲ್ಲಿ ಹಾಕಬೇಡಿ.

ನವೀನ್: ನಮಸ್ತೆ ಮೇಡಂ. ಜರ್ಮನಿಯಲ್ಲಿ ಎಂಎಸ್ ಪೂರ್ತಿ ಫ್ರೀ ಅಂತಾರೆ, ನಿಜಾನಾ?

ವಸುಧಾ: ನಮಸ್ತೆ ನವೀನ್. ಬಹುಪಾಲು ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಕ್ಯಾಂಟೀನು, ವಿದ್ಯಾರ್ಥಿ ಸೌಲಭ್ಯ, ಹಲವು ಕಡೆ ಬಸ್ಸು-ರೈಲು ಪಾಸು ಸೇರಿ ಸೆಮಿಸ್ಟರಿಗೆ ಒಂದಿಷ್ಟು ಕಟ್ಟಬೇಕು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್ ತಾಂತ್ರಿಕ ವಿವಿಯಲ್ಲಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊಸದಾಗಿ ಸೇರುವ, ಯುರೋಪ್ ಒಕ್ಕೂಟದ ಹೊರಗಿನವರಿಗೆ ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೋ, ಅದೂ ಪ್ರತಿ ಸೆಮಿಸ್ಟರಿಗೆ. ಜೊತೆಗೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು. ಅದು ಫೀಸಲ್ಲ, ನಿಮ್ಮದೇ ಊಟ-ಬಾಡಿಗೆ ದುಡ್ಡು.

ಪ್ರಜ್ವಲ್: ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 6 ಬಂದಿದೆ, ಸಾಕಾ?

ಕಿರಣ್: ಮೇಡಂ, ಈ ಫಾರ್ವರ್ಡ್ ಬಂದಿದೆ: "ಬ್ಲಾಕ್ಡ್ ಅಕೌಂಟಿಗೆ ನಾವೇ ದುಡ್ಡು ಹಾಕ್ತೀವಿ. ಜರ್ಮನಿಗೆ ಇಳಿದ ವಾರದಲ್ಲೇ ತೆಗೆದು ವಾಪಸ್ ಕೊಡಿ. ಬಡ್ಡಿ ಕಡಿಮೆ." ಇದು ಆಗುತ್ತಾ?

ವಸುಧಾ: ಆಗಲ್ಲ. ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರೋದು. ವಾರದಲ್ಲಿ ವಾಪಸ್ ಕೊಡ್ತೀನಿ ಅಂತ ಬರೆದುಕೊಟ್ಟ ಹುಡುಗ ಎರಡನೇ ವಾರದಿಂದ ಸಾಲಗಾರರ ಫೋನಿಗೆ ಹೆದರಿ ಕೂರಬೇಕಾಗುತ್ತೆ. ಅಂಥ ಹುಡುಗರು ನನ್ನ ಟೇಬಲ್ ಮುಂದೆ ಕೂತು ಅತ್ತಿದ್ದಾರೆ. ಈ ಮೆಸೇಜನ್ನು ಇನ್ನೊಂದು ಗುಂಪಿಗೆ ಕಳಿಸಬೇಡಿ.

ಗಿರಿಜಮ್ಮ: ಮೇಡಂ, ದಾವಣಗೆರೆ ಕಡೆಯವರು ನಾವು. ಮಗ ಬಿಇ ಮುಗಿಸಿದ. ಏಜೆಂಟರು ಬರ್ಲಿನ್‌ನಲ್ಲಿ ಸರ್ಕಾರಿ ಮಾನ್ಯತೆ ಇರೋ ಯೂನಿವರ್ಸಿಟಿ ಅಂತ ಸೀಟು ಕೊಡಿಸಿದರು. ಎರಡು ಎಕರೆ ಅಡಿಕೆ ತೋಟ ಅಡ ಇಟ್ಟು ಮೊದಲ ಕಂತು ಕಟ್ಟಿದ್ವಿ. ಎರಡನೇ ಕಂತು ಮುಂದಿನ ವಾರ. ಇಲ್ಲಿ ಫೀಸೇ ಇಲ್ಲ ಅಂತೀರಿ, ನಮಗೆ ಯಾಕೆ ಇಷ್ಟು?

ವಸುಧಾ: ಗಿರಿಜಮ್ಮ, ನಿಮಗೆ ನಿಧಾನವಾಗಿ ಬರೀತೀನಿ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಜರ್ಮನ್‌ನಲ್ಲಿ ಎರಡು ಮಾತಿವೆ. "ಸ್ಟಾಟ್ಲಿಶ್" ಅಂದರೆ ಸರ್ಕಾರಿ. "ಸ್ಟಾಟ್ಲಿಶ್ ಆನರ್ಕಾಂಟ್" ಅಂದರೆ ಸರ್ಕಾರ ಮಾನ್ಯ ಮಾಡಿದ್ದು. ಎರಡನೆಯದನ್ನು ಹಾಕಿಕೊಳ್ಳುವ ಸಂಸ್ಥೆಗಳಲ್ಲಿ ಬಹಳಷ್ಟು ಖಾಸಗಿ. ಅವು ಕೊಡುವ ಡಿಗ್ರಿ ಸುಳ್ಳಲ್ಲ, ಆದರೆ ನಡೆಯೋದು ಫೀಸಿನ ಮೇಲೆ. ಏಜೆಂಟರು ಮೊದಲ ಪದ ಜೋರಾಗಿ ಹೇಳಿ ಎರಡನೆಯದನ್ನು ನುಂಗಿಬಿಡ್ತಾರೆ.

ಪ್ರವೇಶ ಪತ್ರದ ಕೊನೆಯ ಸಾಲು ನೋಡಿ, ಸಣ್ಣ ಅಕ್ಷರದಲ್ಲಿ. ಅಲ್ಲಿ "ಜಿಎಂಬಿಎಚ್" ಅಂತ ಇದ್ದರೆ ಅದನ್ನು ನಡೆಸೋದು ಒಂದು ಕಂಪನಿ, ನಮ್ಮಲ್ಲಿ ಪ್ರೈವೇಟ್ ಲಿಮಿಟೆಡ್ ಅಂತೀವಲ್ಲ, ಹಾಗೆ. ಆಮೇಲೆ "ಹೋಕ್‌ಶೂಲ್‌ಕೊಂಪಾಸ್" ವೆಬ್‌ಸೈಟಿನಲ್ಲಿ ಹೆಸರು ಹುಡುಕಲಿ. ಜರ್ಮನಿಯ ವಿವಿ ಕುಲಪತಿಗಳ ಒಕ್ಕೂಟದ ಪಟ್ಟಿ ಅದು. ಸಂಸ್ಥೆ ಸರ್ಕಾರದ್ದೋ ಖಾಸಗಿಯೋ ಅಂತ ಅಲ್ಲೇ ಇರುತ್ತೆ.

ವೀಸಾ ಆಗದಿದ್ದರೆ ಹಣ ವಾಪಸ್ ಬರುತ್ತಾ, ಎಷ್ಟು ದಿನದೊಳಗೆ ಕೇಳಬೇಕು ಅನ್ನೋದು ಒಪ್ಪಂದದಲ್ಲಿ ಇರುತ್ತೆ. ಏಜೆಂಟ್ ಜೊತೆ ಮಾಡಿಕೊಂಡದ್ದಲ್ಲ, ಕಾಲೇಜಿನ ಒಪ್ಪಂದ. ಅದು ಕೈಗೆ ಸಿಗೋವರೆಗೂ ಎರಡನೇ ಕಂತು ಕಟ್ಟಬೇಡಿ. ಹುಡುಗ ಬಿಇ ಮಾಡಿದ್ದಾನೆ, ಅಂಕಪಟ್ಟಿ ಅಸಲಿ ಅಂತ ಹೇಳುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಿಕೊಂಡು ಸರ್ಕಾರಿ ವಿವಿಗಳಿಗೆ ತಾನೇ ಅರ್ಜಿ ಹಾಕಬಹುದು. ಆರು ತಿಂಗಳು ತಡವಾದರೆ ಆಗಲಿ, ತೋಟ ಉಳಿಯಲಿ.

ಸುನಿಲ್: ಎಂಎಸ್ ಫ್ರೀನಾ ಮೇಡಂ?

ವಸುಧಾ: ನವೀನ್‌ಗೆ ಬರೆದಿದ್ದೇನೆ, ಓದಿ.

ಮಂಜುನಾಥ್: ಒಂದು ಮಾತು. ಜರ್ಮನ್ ಜನ ತೆರಿಗೆ ಕಟ್ಟಿ ನಡೆಸೋ ವಿವಿಯಲ್ಲಿ ನಮ್ಮ ಮಕ್ಕಳು ಯಾಕೆ ಪುಕ್ಕಟೆ ಓದಬೇಕು? ಫೀಸು ಹಾಕಿದ್ದು ನ್ಯಾಯವೇ.

ಶರತ್ (ಸ್ಟುಟ್‌ಗಾರ್ಟ್): ಅಣ್ಣಾ, ನಾನು ಆ 1,500 ಕಟ್ಟಿ ಓದಿದವನು. ಈಗ ಇಲ್ಲೇ ದುಡಿದು ತೆರಿಗೆ ಕಟ್ತೀನಿ. ಪಕ್ಕದ ರಾಜ್ಯದಲ್ಲಿ ಓದಿದ ನನ್ನ ರೂಮ್‌ಮೇಟ್ ಒಂದು ಪೈಸೆ ಶುಲ್ಕ ಕಟ್ಟಲಿಲ್ಲ. ಇದ್ಯಾವ ನ್ಯಾಯ?

ರೇಖಾ (ಗ್ಲಾಸ್ಗೋ): ಫೀಸಿಲ್ಲ ಅಂದ ತಕ್ಷಣ ಬಾಗಿಲು ತೆರೆದಂತಲ್ಲ. ಇಲ್ಲಿ ಸ್ಕಾಟ್ಲೆಂಡಿನ ಮಕ್ಕಳಿಗೆ ಶುಲ್ಕ ಸರ್ಕಾರದ್ದೇ, ಆದರೆ ಅವರಿಗೆ ಸೀಟು ಎಷ್ಟು ಅನ್ನೋದನ್ನೂ ಸರ್ಕಾರವೇ ಎಣಿಸಿ ಕೊಡುತ್ತೆ. ಇಂಗ್ಲೆಂಡಿನಲ್ಲಿ 2015ರಲ್ಲಿ ಸೀಟಿನ ಮಿತಿ ತೆಗೆದರು, 2025ರಲ್ಲಿ ಫೀಸು ವರ್ಷಕ್ಕೆ 9,535 ಪೌಂಡಿಗೆ ಬಂತು.

ಮಂಜುನಾಥ್: ಅದನ್ನೇ ಹೇಳ್ತಿರೋದು. ಫೀಸು ಇದ್ದರೆ ಸೀಟು ಇರುತ್ತೆ.

ಶರತ್: ಮತ್ತೆ ಅಲ್ಲಿ ಫೀಸಿಗೆ ಮಾಡಿದ ಸಾಲವನ್ನು 40 ವರ್ಷ ತೀರಿಸೋರು ಯಾರು? ನೀವು ಬರ್ತೀರಾ?

ಮಂಜುನಾಥ್: ಸಂಬಳ ಒಂದು ಮಟ್ಟ ದಾಟಿದ ಮೇಲೆ ತಾನೇ ಕಟ್ಟೋದು? ಓದಿಕೊಂಡು ಮಾತಾಡಪ್ಪ.

ವಸುಧಾ: ಇಬ್ಬರಿಗೂ. ಇದು ನಾನು ಕಣ್ಣಾರೆ ಕಂಡ ವಿಷಯ. 2005ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಕೇಂದ್ರದ ಶುಲ್ಕ ನಿಷೇಧವನ್ನು ತೆಗೆದುಹಾಕಿದ ಮೇಲೆ ಏಳು ರಾಜ್ಯಗಳು ಸೆಮಿಸ್ಟರಿಗೆ 500 ಯೂರೋವರೆಗೆ ಶುಲ್ಕ ತಂದವು. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಜನ ಬಿಡಲಿಲ್ಲ. 2013ರ ಜನವರಿಯ ಎರಡು ವಾರದಲ್ಲಿ ಮತದಾರರು ಖುದ್ದಾಗಿ ಪಾಲಿಕೆ ಕಚೇರಿಗೆ ಹೋಗಿ ಶುಲ್ಕ ಬೇಡ ಅಂತ ಸಹಿ ಹಾಕಬೇಕಿತ್ತು. ಹತ್ತು ಶೇಕಡಾ ಬೇಕಿತ್ತು, ಹದಿನಾಲ್ಕು ದಾಟಿತು. ನನಗೆ ಮತ ಇರಲಿಲ್ಲ, ಸಹೋದ್ಯೋಗಿಯ ಜೊತೆ ಸಾಲಿನಲ್ಲಿ ನಿಂತಿದ್ದೆ. ನಮ್ಮ ಮುಂದೆ ಕೋಲೂರಿಕೊಂಡು ನಿಂತಿದ್ದ ಅಜ್ಜಿ, ಕೈಗವಸು ತೆಗೆದು ಹಲ್ಲಲ್ಲಿ ಕಚ್ಚಿಕೊಂಡು ಸಹಿ ಹಾಕಿದರು. ಅದೇ ವರ್ಷ ಬವೇರಿಯಾ ಶುಲ್ಕ ಕೈಬಿಟ್ಟಿತು. ಒಂದು ವರ್ಷದ ನಂತರ ಕೊನೆಯದಾಗಿ ಲೋವರ್ ಸ್ಯಾಕ್ಸನಿಯೂ ಬಿಟ್ಟಿತು.

ಅದೇ ಬವೇರಿಯಾ ಹತ್ತು ವರ್ಷಕ್ಕೆ, ಯುರೋಪ್ ಒಕ್ಕೂಟದ ಹೊರಗಿನವರಿಗೆ ವಿವಿಗಳು ಶುಲ್ಕ ಹಾಕಬಹುದು ಅಂತ ಕಾನೂನು ಮಾಡಿತು. ಆಗ ಸಾಲು ನಿಲ್ಲಲಿಲ್ಲ, ಕಟ್ಟುವವರಿಗೆ ಅಲ್ಲಿ ಮತ ಇಲ್ಲವಲ್ಲ. ನನಗೆ ಬೇಜಾರಾಗಿರೋದು ಇದೇ. ಇನ್ನು ಶುಲ್ಕ ಇಲ್ಲದಿದ್ದರೂ ಇಲ್ಲಿ ಡಿಗ್ರಿ ಓದಿದ ಮನೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ವಿವಿಗೆ ಬರ್ತಾರೆ, ಓದದ ಮನೆಗಳಿಂದ ಕಾಲು ಪಾಲು. ಬಹುಪಾಲು ರಾಜ್ಯಗಳಲ್ಲಿ ಹತ್ತನೇ ವಯಸ್ಸಿನಲ್ಲೇ ಯಾವ ಶಾಲೆ ಅಂತ ವಿಂಗಡಿಸಿಬಿಡ್ತಾರೆ, ಸೋಸುವ ಕೆಲಸ ಅಲ್ಲೇ ಆಗಿಹೋಗುತ್ತೆ.

ಮಂಜುನಾಥ್: ಹಾಗಾದರೆ ಪುಕ್ಕಟೆ ಕೊಟ್ಟೂ ಪ್ರಯೋಜನ ಇಲ್ಲ ಅಂದಂಗಾಯ್ತು.

ವಸುಧಾ: ಹಾಗೆ ಅಂದಿಲ್ಲ. ಇನ್ನೊಮ್ಮೆ ಓದಿ.

ಶರತ್: ಅವರಿಗೆ ಓದೋಕೆ ಬರಲ್ಲ ಮೇಡಂ.

ಅಡ್ಮಿನ್: ಶರತ್, ಮಂಜುನಾಥ್, ಇಲ್ಲಿಗೆ ಸಾಕು.

ಫಾತಿಮಾ: ಇಟಲಿಯಲ್ಲಿ ಮೆಡಿಕಲ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಚೇತನ್: ಪಿಯುಸಿ ಆದ ಕೂಡಲೇ ಸೇರಬಹುದಾ ಮೇಡಂ?

ವಸುಧಾ: ನೇರವಾಗಿ ಆಗಲ್ಲ. ಭಾರತದಲ್ಲಿ ಒಂದು ವರ್ಷ ಡಿಗ್ರಿ ಪಾಸಾಗಿರಬೇಕು, ಇಲ್ಲಾ ಜೆಇಇ ಅಡ್ವಾನ್ಸ್ಡ್ ಪಾಸಾಗಿ ತಾಂತ್ರಿಕ ವಿಷಯ ತಗೋಬೇಕು, ಅದೂ ಇಲ್ಲದಿದ್ದರೆ ಜರ್ಮನಿಯ ಸ್ಟೂಡಿಯನ್‌ಕೊಲೆಗ್, ಅಂದರೆ ವಿವಿಗೆ ಸೇರುವ ಮೊದಲಿನ ತಯಾರಿ ಕೋರ್ಸು.

ಸುನಿಲ್: ಮೇಡಂ, ಓದಿದೆ. ಆದರೂ ಒಟ್ಟು ಎಷ್ಟಾಗುತ್ತೆ ಲಕ್ಷದಲ್ಲಿ?

ವಸುಧಾ: 11,904ನ್ನು ಇವತ್ತಿನ ಯೂರೋ ದರದಿಂದ ಗುಣಿಸಿ.

ಗಿರಿಜಮ್ಮ: ಮೇಡಂ, ಮಗ ಪತ್ರ ಹಿಗ್ಗಿಸಿ ನೋಡಿದ. ಕೆಳಗೆ ಜಿಎಂಬಿಎಚ್ ಅಂತಾನೇ ಇದೆ. ಏಜೆಂಟರಿಗೆ ಫೋನ್ ಮಾಡಿದ್ರೆ ಒಪ್ಪಂದ ನಿಮಗೆ ಬೇಕಾಗಿಲ್ಲ ಅಂದರು.

ವಸುಧಾ: ಬೇಕು. ಅವರನ್ನು ಕೇಳೋದು ಬಿಡಿ. ಮಗ ಕಾಲೇಜಿಗೇ ಮೇಲ್ ಮಾಡಲಿ, "ನನ್ನ ಸಹಿ ಇರುವ ಒಪ್ಪಂದದ ಪ್ರತಿ ಕಳಿಸಿ" ಅಂತ ಎರಡೇ ಸಾಲು. ಪ್ರತಿ ಬಂದರೆ ಹೆಸರು, ನಂಬರು ಮುಚ್ಚಿ ನನಗೆ ಖಾಸಗಿಯಾಗಿ ಕಳಿಸಿ, ರಾತ್ರಿ ಎಷ್ಟೊತ್ತಾದರೂ ನೋಡ್ತೀನಿ. ದುಡ್ಡು ಮಾತ್ರ ಕಟ್ಟಬೇಡಿ.

ಪ್ರಜ್ವಲ್: ಐಇಎಲ್‌ಟಿಎಸ್ 6 ಸಾಕಾ? ಬೆಳಗ್ಗೆಯಿಂದ ಕೇಳ್ತಿದ್ದೀನಿ.