ಪಟ್ಟಿ ಉದ್ದ ಆಯ್ತು, ಎರಡೇ ಬೇಡಿಕೆ ಹಿಡಿಯೋಣ

ಮುಂಬೈ ಕಡೆಯ ಕನ್ನಡಿಗರಿಗೆಲ್ಲ ನಮಸ್ಕಾರ. ಶಾಸಕರಿಗೆ ಕೊಡಬೇಕು ಅಂತ ನೀವೆಲ್ಲ ಸೇರಿ ಮಾಡಿದ ಶಿಕ್ಷಣದ ಬೇಡಿಕೆಗಳ ಪಟ್ಟಿ ಓದಿದೆ. ಎರಡು ಪುಟ ದಾಟಿದೆ. ಕನ್ನಡ ಭವನಕ್ಕೆ ಜಾಗ, ಉತ್ಸವಕ್ಕೆ ಅನುದಾನ, ಸಾಧಕರಿಗೆ ಪ್ರಶಸ್ತಿ, ಇದೆಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು: ಪಾಲಿಕೆಯ ಕನ್ನಡ ಶಾಲೆಗಳ ಸಮಸ್ಯೆ ಬಗೆಹರಿಸಬೇಕು. ಯಾವ ಸಮಸ್ಯೆ, ಯಾರು ಬಗೆಹರಿಸಬೇಕು, ಒಂದೂ ಇಲ್ಲ. ಇಂಥ ಮನವಿ ಕೊಟ್ಟರೆ ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಬರಬಹುದು, ಅಷ್ಟೇ.

ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಅಲ್ಲಿಗೆ ಈಗ ಹೋಗುವವರು ನಮ್ಮ ಮಕ್ಕಳಲ್ಲ ಅಂತ ನಮಗೆಲ್ಲ ಗೊತ್ತು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಬೆಳಿಗ್ಗೆ ಕೂಲಿಗಾಗಿ ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ನಿಲ್ಲುವವರ ಮಕ್ಕಳೇ ಜಾಸ್ತಿ. ಹೋಟೆಲಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ತುಳುನಾಡಿನವರ ಕಥೆಯನ್ನು ಪ್ರತಿ ಸಮಾರಂಭದಲ್ಲೂ ಹೇಳುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ. ಅವರು ಅವತ್ತು ಇದ್ದ ಜಾಗದಲ್ಲಿ ಇವತ್ತು ಈ ಮಕ್ಕಳಿದ್ದಾರೆ. ಆದರೆ ಪಟ್ಟಿ ಮಾಡಲು ಕೂತವರಲ್ಲಿ ಅವರ ಅಪ್ಪ ಅಮ್ಮ ಒಬ್ಬರೂ ಇರಲಿಲ್ಲ.

ಅದಕ್ಕೇ ನಾವು ಮೂರ್ನಾಲ್ಕು ಜನ ಶನಿವಾರ ಪಾಠ ಹೇಳಿಕೊಡುವ ಮಕ್ಕಳಿಗೆ ಚೀಟಿ ಹಂಚಿದೆವು. ಒಬ್ಬರು ಒಂದೇ ಮಾತು ಬರೆಯಬೇಕು, ಹೆಸರು ಬೇಡ. ಫ್ಯಾನ್ ತಿರುಗಲ್ಲ ಅಂತ ಕೆಲವರು, ಸಂಡಾಸಿನ ಬಾಗಿಲಿಗೆ ಚಿಲಕ ಇಲ್ಲ ಅಂತ ತುಂಬಾ ಹುಡುಗಿಯರು. ವಿಜ್ಞಾನಕ್ಕೆ ಟೀಚರ್ ಇಲ್ಲ, ಬೇರೆ ಮೀಡಿಯಮ್ಮಿನ ಸರ್ ಬಂದು ಓದಿ ಹೇಳಿ ಹೋಗ್ತಾರೆ, ನಮಗೆ ತಿಳಿಯಲ್ಲ ಅಂತ ಒಬ್ಬ. ಎಂಟನೇ ಕ್ಲಾಸಿನವಳು ಒಬ್ಬಳು ಹಾಳೆ ತಿರುಗಿಸಿ ಹಿಂದೆಯೂ ಬರೆದಿದ್ದಳು. 'ಒಂಬತ್ತನೇದು ಇಲ್ಲೇ ಬೇಕ್ರಿ. ಇಲ್ಲಾಂದ್ರ ಅವ್ವ ಊರಿಗೆ ಕಳಸ್ತಾಳ, ಅಲ್ಲಿ ಹೋದ್ರ ಲಗ್ನ ಮಾಡ್ತಾರ.'

ಭವನ ಬೇಕು ಅಂತ ಒಂದು ಚೀಟಿಯೂ ಬರಲಿಲ್ಲ!

ಚಿಲಕ, ಫ್ಯಾನ್‌ಗೆ ಶಾಸಕರು ಬೇಕಾಗಿಲ್ಲ, ವಾರ್ಡ್ ಆಫೀಸ್ ಸಾಕು. ಟೀಚರ್ ಮತ್ತು ಒಂಬತ್ತನೇ ಕ್ಲಾಸು, ಇವೆರಡಕ್ಕೇ ಮೇಲಿನವರು ಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ ಹಕ್ಕು 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿಗೆ ಮುಗಿಯಿತು. ಆ 14ನ್ನು ಮೇಲಕ್ಕೆ ಏರಿಸಬೇಕಾದರೆ ಸಂಸತ್ತೇ ತಿದ್ದಬೇಕು, ಅದು ಸಂಸದರ ಹತ್ತಿರ ಕೇಳುವ ಮಾತು. ಆದರೆ ಇರುವ ಕಟ್ಟಡದಲ್ಲೇ ಒಂಬತ್ತು, ಹತ್ತು ತೆರೆಯೋದಕ್ಕೆ ದೆಹಲಿಗೆ ಹೋಗಬೇಕಿಲ್ಲ, ರಾಜ್ಯ ಮತ್ತು ಪಾಲಿಕೆ ಮನಸ್ಸು ಮಾಡಿದರೆ ಆಗುತ್ತದೆ. ಯಾರ ಕೈಯಲ್ಲಿ ಯಾವುದಿದೆ ಅಂತ ನೋಡದೆ ಎಲ್ಲರಿಗೂ ಎಲ್ಲದಕ್ಕೂ ಅರ್ಜಿ ಕೊಡ್ತಾ ಹೋದರೆ, ಅವರು ಇವರ ಕಡೆ, ಇವರು ಅವರ ಕಡೆ ಬೆರಳು ತೋರಿಸುತ್ತಾರೆ.

ಟೀಚರ್ ವಿಷಯ ಇನ್ನೂ ಗಂಭೀರ. 2024ರ ಮಾರ್ಚ್ 15ಕ್ಕೆ ಮಹಾರಾಷ್ಟ್ರ ಸರ್ಕಾರ ಸಂಚ್ ಮಾನ್ಯತೆಯ ಜಿ.ಆರ್. (ಸರ್ಕಾರಿ ಆದೇಶ) ಹೊರಡಿಸಿತು. ಸಂಚ್ ಮಾನ್ಯತೆ ಅಂದರೆ ಎಷ್ಟು ಮಕ್ಕಳಿಗೆ ಎಷ್ಟು ಹುದ್ದೆ ಅನ್ನೋ ಲೆಕ್ಕ. 6ರಿಂದ 8ನೇ ಕ್ಲಾಸಿನಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದರೆ ಹುದ್ದೆಯೇ ಇಲ್ಲ ಅಂತ ಅದರಲ್ಲಿತ್ತು. ಟೀಚರ್ ಇಲ್ಲ ಅಂತ ಮಕ್ಕಳು ಬಿಡ್ತಾರೆ, ಮಕ್ಕಳು ಕಡಿಮೆ ಅಂತ ಟೀಚರ್ ಕೊಡಲ್ಲ! ಇದರ ವಿರುದ್ಧ ರಾಜ್ಯದಲ್ಲೆಲ್ಲ ಶಿಕ್ಷಕರು ಬೀದಿಗಿಳಿದಿದ್ದರು, ಗುಡ್ಡಗಾಡಿನ ಮರಾಠಿ ಶಾಲೆಗಳಿಗೂ ಇದೇ ಪೆಟ್ಟು. ಅಂದರೆ ಮರಾಠಿ, ತಮಿಳು, ತೆಲುಗು ಶಾಲೆಗಳ ಪಾಲಕರೂ ನಮ್ಮ ಜೊತೆ ಸಹಿ ಹಾಕಬಹುದಾದ ಬೇಡಿಕೆ ಇದು. ಕನ್ನಡ ಭವನಕ್ಕೆ ಅವರು ಯಾಕೆ ಸಹಿ ಹಾಕ್ತಾರೆ ಹೇಳಿ? ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ, 1956ರಲ್ಲೇ ಸೇರಿಸಿದ್ದು. ಮನವಿಯಲ್ಲಿ ಅದೊಂದು ಸಾಲು ಇರಲಿ.

ಒಂದೇ ಬೇಡಿಕೆ ಹಿಡಿದರೆ ಏನಾಗುತ್ತದೆ ಅಂತ 2025ರಲ್ಲಿ ಕಣ್ಣಾರೆ ನೋಡಿದ್ದೇವೆ. ಒಂದನೇ ಕ್ಲಾಸಿನಿಂದ ಹಿಂದಿ ಅಂತ ಏಪ್ರಿಲ್‌ನಲ್ಲಿ ಜಿ.ಆರ್. ಬಂತು, ಮರಾಠಿಯವರು ಅದೊಂದನ್ನೇ ಹಿಡಿದು ವಿರೋಧಿಸಿದರು, ಜೂನ್ 29ಕ್ಕೆ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಅವರಷ್ಟು ಓಟಿನ ಬಲ ನಮಗಿಲ್ಲ, ಒಪ್ಪುತ್ತೇನೆ. ಬಲ ಇಲ್ಲದವರು ಬೇಡಿಕೆಯನ್ನಾದರೂ ಚಿಕ್ಕದು ಮಾಡಿಕೊಳ್ಳಬೇಕಲ್ವಾ.

ಥಾಣೆಯ ಅಣ್ಣ ಒಬ್ಬರು ಕೇಳಿದ್ದರು, ನಮ್ಮ ಮಕ್ಕಳೇ ಅಲ್ಲಿ ಓದಲ್ಲ, ನಾವು ಯಾವ ಬಾಯಲ್ಲಿ ಕೇಳೋದು ಅಂತ. ನಿಜ, ನಾವು ಕೇಳಬಾರದು. ಶಾಲಾ ವ್ಯವಸ್ಥಾಪನ ಸಮಿತಿ ಕೇಳಲಿ. ಕಾಯ್ದೆ ಪ್ರಕಾರ ಅದರಲ್ಲಿ ನೂರಕ್ಕೆ 75 ಜನ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಆ ಸಮಿತಿ ಠರಾವು ಮಾಡಿ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಕೊಟ್ಟರೆ ಅದಕ್ಕೆ ತೂಕ ಬೇರೆ. ನಮ್ಮ ಕೆಲಸ ಬರೆದುಕೊಡೋದು, ಜೊತೆಗೆ ಹೋಗೋದು, ಬಿಡದೆ ಬೆನ್ನು ಹತ್ತೋದು. (ನಮ್ಮ ಸಂಘಗಳೇ ನಡೆಸುವ ಅಲ್ಪಸಂಖ್ಯಾತ ಶಾಲೆಗಳ ಮಾತು ಬೇರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅವಕ್ಕೆ ಈ ಕಾಯ್ದೆ ಅನ್ವಯಿಸೋದಿಲ್ಲ. ಅದನ್ನು ಇದರಲ್ಲಿ ಸೇರಿಸಬೇಡಿ.)

ಪಾಲಕರ ಜೊತೆ ಸಭೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೇಡ. ಭಾನುವಾರವೂ ಕೆಲಸ ಸಿಕ್ಕರೆ ಅವರು ಹೋಗುತ್ತಾರೆ, ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಕರೆಯೋದು ಹೇಗೆ? ರಾತ್ರಿ ಎಂಟೂವರೆಗೆ, ಅವರ ವಸ್ತಿಯಲ್ಲೇ ಮಾಡೋಣ. ವಿಧಾನಸಭೆಯ ಬಜೆಟ್ ಅಧಿವೇಶನ ಮುಂಬೈಯಲ್ಲೇ ನಡೆಯುತ್ತದೆ, ಅದಕ್ಕೆ ಮುಂಚೆ ಕೊಟ್ಟರೆ ಶಾಸಕರು ಲಕ್ಷವೇಧಿಯಲ್ಲಿ (ಗಮನ ಸೆಳೆಯುವ ಸೂಚನೆ) ಎತ್ತಬಹುದು. ಮನವಿ ಒಂದೇ ಪುಟ, ಮರಾಠಿಯಲ್ಲಿ. ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿಗೆ ಸಾಕು, ಮಂತ್ರಿಗಳ ಕಚೇರಿ ಇರುವ ಮಂತ್ರಾಲಯಕ್ಕೆ ಸಾಲಲ್ಲ. ಕರಡು ತಿದ್ದಿಕೊಡುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.