ಪದಚರ್ಚೆ: ಹುಡುಕು ಕಿಟಕಿಯಲ್ಲಿ ‘ಇಡೀ ಪದ’ವೋ ‘ಬಿಡಿಪದ’ವೋ?

ಗೆಳೆಯರೇ,

ಒಂದು ಟೆಕ್ಸ್ಟ್ ಎಡಿಟರ್ (ಬರಹ ಬರೆದು ತಿದ್ದುವ ಪ್ರೋಗ್ರಾಂ) ಅನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಂಟ್ರೋಲ್-ಎಫ್ ಒತ್ತಿದರೆ ತೆರೆಯುವ ಪುಟ್ಟ ಕಿಟಕಿಯಲ್ಲೇ ಸಿಕ್ಕಿಕೊಂಡಿದ್ದೇನೆ. ಅಲ್ಲಿರುವುದು ಹತ್ತೇ ಹತ್ತು ಮಾತು, ಆದರೆ ವಾರ ಕಳೆದರೂ ಮುಗಿದಿಲ್ಲ.

‘ಫೈಂಡ್’ಗೆ ‘ಹುಡುಕು’ ಸಾಕು. ‘ಶೋಧ’ ಅಂದರೆ ಯಾರದೋ ಮನೆ ಮೇಲೆ ದಾಳಿ ನಡೆದ ಹಾಗಿರುತ್ತದೆ. ‘ಹುಡುಕಿ’ ಎಂದು ಮರ್ಯಾದೆ ಕೊಡಬೇಕು ಅಂತ ಒಬ್ಬರು ಹೇಳಿದರು. ಆದರೆ ಗುಂಡಿಯ ಮೇಲಿರುವುದು ನಾವು ಕಂಪ್ಯೂಟರಿಗೆ ಹೇಳುವ ಮಾತು, ಅಲ್ವಾ? ಅದಕ್ಕೆ ಏಕವಚನ ಸಾಕು. ಖಾಲಿ ಜಾಗದಲ್ಲಿ ಮಸುಕಾಗಿ ಕಾಣುವ ‘ಇಲ್ಲಿ ಬರೆಯಿರಿ’ ಮಾತ್ರ ಅದು ನಮಗೆ ಹೇಳುವುದು. ‘ಕಂಡುಬಂದಿಲ್ಲ’ ಎಂದಿದ್ದನ್ನು ‘ಸಿಗಲಿಲ್ಲ’ ಮಾಡಿದೆ. ಕಳೆದ ಚಪ್ಪಲಿ ಹುಡುಕಿ ಬಂದವರು ‘ಕಂಡುಬಂದಿಲ್ಲ’ ಅನ್ನುವುದಿಲ್ಲ.

‘ಮ್ಯಾಚ್ ಕೇಸ್’ಗೆ (ಇಲ್ಲಿ ಕೇಸ್ ಅಂದರೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದ) ಹಳೆಯ ಅನುವಾದದಲ್ಲಿ ‘ಪ್ರಕರಣ ಹೊಂದಿಸು’ ಅಂತಿತ್ತು! ಠಾಣೆಯಲ್ಲಿ ರಾಜಿ ಮಾಡಿಸಿದಂತೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಹಾಗಾಗಿ ‘ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರ ಬೇರೆ ಎಣಿಸು’ ಎಂದು ಬರೆದಿದ್ದೇನೆ. ಉದ್ದವಾಯಿತು, ಇರಲಿ.

ನಿಜವಾದ ತೊಡಕು ‘ಹೋಲ್ ವರ್ಡ್’ ಎಂಬ ಗುರುತಿನದು. ಅದನ್ನು ಹಾಕಿದರೆ ಬೇರೆ ಪದದೊಳಗೆ ಸೇರಿಕೊಂಡಿದ್ದನ್ನು ಬಿಟ್ಟು, ಒಂಟಿಯಾಗಿ ನಿಂತ ಪದವನ್ನಷ್ಟೇ ಹುಡುಕುತ್ತದೆ. ‘ಇಡೀ ಪದ ಮಾತ್ರ’ ಅಂತ ಹಾಕಬಹುದು. ಆದರೆ ಕನ್ನಡದಲ್ಲಿ ಇಡೀ ಪದ ಯಾವುದು? ಗುರುತು ಹಾಕದೆ ‘ಮರ’ ಅಂತ ಹುಡುಕಿದರೆ ‘ಸಮರ’, ‘ಅಮರ’, ‘ಮರಳು’ ಎಲ್ಲ ಬರುತ್ತವೆ. ‘ಮರೆತ’ ಕೂಡ ಬರಬಹುದು, ಏಕೆಂದರೆ ಕಂಪ್ಯೂಟರಿನ ಒಳಗೆ ರ ಬೇರೆ, ಎತ್ವ ಬೇರೆ. ಬೇಸರವಾಗಿ ಆ ಗುರುತು ಹಾಕಿದರೆ ‘ಮರದ’, ‘ಮರಕ್ಕೆ’, ‘ಮರವನ್ನು’ ಎಲ್ಲ ಮಾಯ! ಬೇಕಾಗಿದ್ದು ಅವೇ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ, ಪಾಪ ಆ ಕಿಟಕಿಗೆ ಅದು ಗೊತ್ತಿಲ್ಲ.

ನಮಗೆ ಜಾಸ್ತಿ ಕೆಲಸಕ್ಕೆ ಬರುವುದು ‘ಪದದ ಶುರುವಿನಿಂದ ಹೊಂದಲಿ’ ಎಂಬ ಇನ್ನೊಂದು ಗುರುತು. ಅದನ್ನು ಸೇರಿಸಿ ಅಂತ ಪ್ರೋಗ್ರಾಂ ಬರೆಯುವವರಿಗೆ ಹೇಳಿದ್ದೇನೆ. ಆಗ ‘ಮರ’ಕ್ಕೆ ‘ಮರದ’ ಸಿಗುತ್ತದೆ, ‘ಸಮರ’ ಬರುವುದಿಲ್ಲ. ‘ಮರಳು’ ಬಂದೇ ಬರುತ್ತದೆ, ಸಹಿಸಿಕೊಳ್ಳಬೇಕು. ‘ಊರು’ ಅಂತ ಕೊಟ್ಟರೆ ‘ಊರಿಗೆ’ ಸಿಗುವುದಿಲ್ಲ. ‘ಊರ’ ಅಂತ ಕೊಡಬೇಕು.

ಹಾಗಾದರೆ ಹಳೆಯ ಗುರುತಿಗೆ ಏನು ಹೆಸರು? ನನಗೆ ಹೊಳೆದದ್ದು ‘ಬಿಡಿಪದ’. ಹೂವಿನಂಗಡಿಯಲ್ಲಿ ಬಿಡಿ ಹೂವು, ಕಟ್ಟಿದ ಹೂವು ಅಂತೀವಲ್ಲ, ಹಾಗೆ. ಪ್ರತ್ಯಯ ಕಟ್ಟದ, ಸುಮ್ನೆ ಒಂಟಿಯಾಗಿ ನಿಂತ ಪದ. ಬಿಡಿಸಿ ಬರೆದರೆ ಮಾತ್ರ ‘ಬಿಡಿ, ಪದ ಮಾತ್ರ’ ಎಂದು ಓದುವ ಅಪಾಯವಿದೆ. ಮನೆಯಲ್ಲಿ ತೋರಿಸಿದಾಗ ಹಾಗೇ ಓದಿದರು, ‘ಯಾರನ್ನು ಬಿಡಬೇಕು?’ ಅಂತ ಕೇಳಿದರು. ಕೂಡಿಸಿ ‘ಬಿಡಿಪದ ಮಾತ್ರ’ ಎಂದರೆ ಸರಿಹೋದೀತೇ?

ನಿಮ್ಮ ಊರಿನ ಕಡೆ ಇದಕ್ಕೆ ಒಗ್ಗುವ ಬೇರೆ ಮಾತಿದ್ದರೆ ಹೇಳಿ. ಇಪ್ಪತ್ತು ಅಕ್ಷರದೊಳಗೆ ಇರಲಿ, ಕಿಟಕಿ ಚಿಕ್ಕದು.