ಪದಚರ್ಚೆ: ‘ಪ್ರೊಮೊತೋರಾ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಮೆರಿಕದ ಲತೀನಾ (ಮೆಕ್ಸಿಕೋದಂಥ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದ) ಹೆಂಗಸರಿಗೆ ಹೃದಯದ ಕಾಯಿಲೆಯ ಬಗ್ಗೆ ಅವರವರ ಬೀದಿಗಳಲ್ಲೇ ತಿಳಿಸಿಕೊಡುವವರ ಕುರಿತು. ನಾನಿರುವುದು ಸ್ಯಾನ್ ಡಿಯೇಗೋದಲ್ಲಿ, ಮೆಕ್ಸಿಕೋ ಗಡಿಯ ಪಕ್ಕ. ಲೇಖನ ಮುಕ್ಕಾಲು ಪಾಲು ಆಗಿದೆ. ಆದರೆ ಒಂದು ಪದ ಹದಿನೈದು ದಿನದಿಂದ ಮುಂದೆ ಹೋಗೋಕೆ ಬಿಡುತ್ತಿಲ್ಲ.

ಈ ಕೆಲಸ ಮಾಡುವವಳನ್ನು ಸ್ಪ್ಯಾನಿಷ್‌ನಲ್ಲಿ ‘ಪ್ರೊಮೊತೋರಾ’ ಅನ್ನುತ್ತಾರೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಅದೇ ಬೀದಿಯವಳು. ಅದೇ ಅಂಗಡಿಯಲ್ಲಿ ಸಾಮಾನು ತರುತ್ತಾಳೆ, ಅದೇ ಚರ್ಚಿಗೆ ಹೋಗುತ್ತಾಳೆ. ಒಂದಷ್ಟು ತರಬೇತಿ ಪಡೆದು, ಬಿಪಿ, ಶುಗರ್, ಕೊಲೆಸ್ಟರಾಲ್ ಅಂದರೇನು ಅಂತ ಅಕ್ಕಪಕ್ಕದವರಿಗೆ ಹೇಳಿಕೊಡುತ್ತಾಳೆ. ಅಮೆರಿಕ ಸರ್ಕಾರದ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ 1990ರ ದಶಕದಲ್ಲಿ ‘ಸಾಲೂದ್ ಪಾರಾ ಸು ಕೊರಾಸೋನ್’, ಅಂದರೆ ‘ನಿಮ್ಮ ಹೃದಯಕ್ಕೆ ಆರೋಗ್ಯ’ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಅದು ಮನೆಮನೆ ಮುಟ್ಟಿದ್ದು ಇಂಥ ಹೆಂಗಸರಿಂದಲೇ.

ಕಳೆದ ತಿಂಗಳು ನಮ್ಮ ಲೈಬ್ರರಿಯ ಕೋಣೆಯಲ್ಲಿ ಅಂಥ ಒಂದು ಕೂಟಕ್ಕೆ ಹೋಗಿದ್ದೆ. ಹತ್ತು ಹನ್ನೆರಡು ಜನ ಇದ್ದರು. ಪ್ರೊಮೊತೋರಾ ಒಂದು ಕಪ್ಪು ಕಾಗದ ಹಾಸಿದರು. ಟೀ ಚಮಚದ ತುಂಬ ಉಪ್ಪು ತೆಗೆದು, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ಕಾಗದದ ಮೇಲೆ ಸುರಿದರು. ‘ಒಬ್ಬರಿಗೆ ಇಡೀ ದಿನಕ್ಕೆ ಇಷ್ಟೇ. ಅಂಗಡಿ ತಿಂಡಿಯಲ್ಲಿರೋದೂ ಸೇರಿ’ ಅಂದರು. ಆಮೇಲೆ ಬ್ಯಾಗಿನಿಂದ ಕೋಳಿ ಸಾರಿನ ಪುಡಿಯ ಡಬ್ಬಿ ತೆಗೆದರು. ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದು. ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ, ‘ನಾನು ಅನ್ನಕ್ಕೂ ಇದನ್ನೇ ಹಾಕ್ತೀನಿ’ ಅಂದರು. ಪ್ರೊಮೊತೋರಾ ಬೈಯಲಿಲ್ಲ. ‘ನಮ್ಮಮ್ಮನೂ ಹಾಗೇ ಮಾಡ್ತಿದ್ದರು, ನಾನೂ ಮಾಡ್ತಿದ್ದೆ’ ಅಂತ ಶುರು ಮಾಡಿದರು. ನನಗೆ ನಮ್ಮನೆ ಉಪ್ಪಿನಕಾಯಿ ಜಾಡಿ ನೆನಪಾಯಿತು.

ಇಂಥವರಿಗೆ ಏನನ್ನಬೇಕು ಹೇಳಿ.

ನಿಘಂಟು ನೋಡಿದರೆ ‘ಪ್ರಚಾರಕಿ’ ಸಿಗುತ್ತೆ. ಬೇಡ. ಪ್ರಚಾರ ಅಂದ ಕೂಡಲೇ ಕಿವಿಗೆ ಬರೋದು ಮೈಕು, ಚುನಾವಣೆ. ‘ಪ್ರವರ್ತಕಿ’ ಅಂದರೆ ಕಂಪನಿ ಕಟ್ಟಿದವರ ನೆನಪು. ‘ಆರೋಗ್ಯ ಕಾರ್ಯಕರ್ತೆ’ ತಪ್ಪಲ್ಲ, ಆದರೆ ಅದರಲ್ಲಿ ಕೆಲಸವಿದೆ, ನಂಟಿಲ್ಲ. ಕರ್ನಾಟಕದ ಓದುಗರಿಗೆ ತಟ್ಟನೆ ಹೊಳೆಯೋದು ‘ಆಶಾ ಕಾರ್ಯಕರ್ತೆ’. ಅವರೂ ಅದೇ ಊರಿನವರೇ, ಅಷ್ಟರಮಟ್ಟಿಗೆ ಹೋಲಿಕೆ ಚೆನ್ನಾಗಿದೆ. ಆದರೆ 2005ರಿಂದ ಆ ಹೆಸರು ಒಂದು ಸರ್ಕಾರಿ ಯೋಜನೆಯದು. ಕೇಳಿದ ಕೂಡಲೇ ಬಸುರಿ, ಬಾಣಂತಿ, ಮಗುವಿನ ಚುಚ್ಚುಮದ್ದು ಕಣ್ಣಮುಂದೆ ಬರುತ್ತವೆ.

ಸ್ಪ್ಯಾನಿಷ್‌ನಲ್ಲೇ ಇನ್ನೊಂದು ಪದ ಇದೆ, ಅದರಿಂದ ದಾರಿ ಸಿಗಬಹುದು ಅನ್ನಿಸಿತು. ‘ಕೊಮಾದ್ರೆ.’ ಅಕ್ಷರಶಃ ಜೊತೆತಾಯಿ. ಚರ್ಚಿನಲ್ಲಿ ಮಗುವಿಗೆ ಮಾಡಿಸುವ ಜ್ಞಾನಸ್ನಾನದಲ್ಲಿ ಇನ್ನೊಬ್ಬ ತಾಯಿಯಾಗಿ ನಿಲ್ಲುವವಳಿಗೂ ಹೆತ್ತವಳಿಗೂ ನಡುವಿನ ನಂಟು ಅದು. ಈಗ ಆಪ್ತ ಗೆಳತಿಗೂ ಹಾಗೇ ಅನ್ನುತ್ತಾರೆ. ಆ ಕೋಣೆಯಲ್ಲಿ ಪ್ರೊಮೊತೋರಾನ ಹೆಸರು ಹಿಡಿದು ಕರೆದವರು ಕಡಿಮೆ, ‘ಕೊಮಾದ್ರೆ’ ಅಂದವರೇ ಜಾಸ್ತಿ. ಇಬ್ಬರು ಹೆಂಗಸರ ನಡುವೆ ಮಕ್ಕಳಿಂದಾಗಿ ಹುಟ್ಟುವ ನಂಟಿಗೆ ನಮ್ಮಲ್ಲೂ ಪದ ಇದೆ, ‘ಬೀಗಿತ್ತಿ.’ ಆದರೆ ಅದು ಮದುವೆಯಿಂದ ಬಂದದ್ದು, ಅದರಲ್ಲಿ ಸ್ವಲ್ಪ ಬಿಗುಮಾನವೂ ಇದೆ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಕೊನ್‌ಸ್ವೆಗ್ರಾ’ ಅಂತ ಬೇರೆ ಪದವೇ ಇದೆ.

ಇನ್ನೂ ಒಂದು ವಿಷಯ ಕೇಳಿ. ಕೊಮಾದ್ರೆಯಿಂದಲೇ ‘ಕೊಮಾದ್ರೋನಾ’ ಹುಟ್ಟಿದ್ದು. ಅಂದರೆ ಸೂಲಗಿತ್ತಿ! ಇದು ಗೊತ್ತಾದಾಗ ತುಂಬ ಖುಷಿಯಾಯಿತು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ನರಸಮ್ಮನವರನ್ನು ನಾವೆಲ್ಲ ‘ಸೂಲಗಿತ್ತಿ ನರಸಮ್ಮ’ ಅಂತಲೇ ಕರೆಯೋದು, ಅಲ್ವಾ? ಆ ಪದದಲ್ಲಿ ಕಸುಬೂ ಇದೆ, ಊರಿನ ಸಲಿಗೆಯೂ ಇದೆ, ಗೌರವವೂ ಇದೆ. ನನಗೆ ಬೇಕಿರೋದು ಅಂಥದ್ದೇ. ಸೂಲಗಿತ್ತಿ, ಹೂವಾಡಗಿತ್ತಿ ಥರ ‘ಗಿತ್ತಿ’ ಸೇರಿಸಿ ಹೊಸ ಪದ ಕಟ್ಟಲು ನೋಡಿದೆ. ಯಾವುದೂ ಬಾಯಿಗೆ ಕೂರಲಿಲ್ಲ.

ಸದ್ಯಕ್ಕೆ ‘ಕೇರಿಯ ಆರೋಗ್ಯದಕ್ಕ’ ಅಂತ ಬರೆದಿದ್ದೇನೆ. ‘ಅಕ್ಕ’ದ ಬಗ್ಗೆ ಅನುಮಾನವಿಲ್ಲ, ವಯಸ್ಸು ಎಷ್ಟಿದ್ದರೂ ನಡೆಯುತ್ತೆ. ಅನುಮಾನ ಇರೋದು ‘ಕೇರಿ’ ಬಗ್ಗೆ. ಲತೀನೋ ಜನರ ‘ಬಾರ್ರಿಯೋ’ಗೆ, ಅಂದರೆ ಅವರು ಒಟ್ಟಾಗಿ ವಾಸಿಸುವ ಬೀದಿಗಳಿಗೆ, ಅದಕ್ಕಿಂತ ಹತ್ತಿರದ ಪದ ನನಗೆ ಕಾಣಲಿಲ್ಲ. ನಾನು ಬೆಳೆದ ಕುಮಟೆಯ ಕಡೆ ಕೇರಿ ಅಂದರೆ ಬರೀ ಓಣಿ, ಯಾರದ್ದಾದರೂ ಆಗಬಹುದು. ಆದರೆ ಬಯಲುಸೀಮೆಯ ಗೆಳತಿಯೊಬ್ಬಳು, ‘ನಮ್ಮ ಕಡೆ ಆ ಪದ ಕೇಳಿದರೆ ಜಾತಿ ನೆನಪಾಗುತ್ತೆ, ನೋವಾಗುತ್ತೆ’ ಅಂದಳು. ಅದನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಹಾರ್ಟ್ ಅಟ್ಯಾಕ್ ಅಂದರೆ ಎದೆನೋವು ಅಂತಷ್ಟೇ ಎಲ್ಲರಿಗೂ ಗೊತ್ತು. ಹೆಂಗಸರಲ್ಲೂ ಅದೇ ಮುಖ್ಯ ಲಕ್ಷಣ, ನಿಜ. ಆದರೆ ಉಸಿರು ಕಟ್ಟೋದು, ಹೊಟ್ಟೆ ತೊಳಸೋದು, ಬೆನ್ನು ಅಥವಾ ದವಡೆ ನೋವು, ಹಿಂದೆಂದೂ ಇಲ್ಲದ ಸುಸ್ತು, ಇವೂ ಅವರಲ್ಲಿ ಹೆಚ್ಚಾಗಿ ಕಾಣುತ್ತವೆ. ಈ ಕೊನೆಯದಕ್ಕೆ ಮೊದಲು ‘ಅಸಹಜ ಆಯಾಸ’ ಅಂತ ಬರೆದಿದ್ದೆ. ಓದಿದ ನಮ್ಮಮ್ಮ, ‘ಆಯಾಸ ದಿನಾ ಇರೋದೇ ಅಲ್ವಾ?’ ಅಂದರು. ಅವರು ಹೇಳಿದ್ದು ಸರಿ. ದಣಿವು, ಆಯಾಸ ದುಡಿಮೆಯಿಂದ ಬರುವಂಥವು, ಮಲಗಿ ಎದ್ದರೆ ಹೋಗುತ್ತವೆ. ನನಗೆ ಬೇಕಿರೋದು ಮಲಗಿ ಎದ್ದರೂ ಹೋಗದ್ದು. ಪಾತ್ರೆ ತೊಳೆಯುವಾಗ ಕೈ ಸೋತು ಅಲ್ಲೇ ಕೂರುವಂತೆ ಮಾಡುವಂಥದ್ದು. ‘ಸುಸ್ತು’ ಹತ್ತಿರ ಬರುತ್ತೆ, ‘ನಿತ್ರಾಣ’ ಇನ್ನೂ ಹತ್ತಿರ. ಆದರೆ ನಿತ್ರಾಣ ಅಂದರೆ ಜ್ವರ ಬಿಟ್ಟ ಮೇಲಿನದು ಅಂತ ಅನ್ನಿಸುತ್ತಾ?

ನಿಮ್ಮ ಮನೆಯ ಹಿರಿಯ ಹೆಂಗಸರು ಇದಕ್ಕೆ ಏನನ್ನುತ್ತಾರೆ ಅಂತ ಕೇಳಿ ತಿಳಿಸಿ. ಯಾವ ಊರಿನ ಕಡೆಯ ಮಾತು ಅಂತಲೂ ಬರೆಯಿರಿ. ‘ಕೇರಿ’ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ ಅನ್ನೋದೂ ಬೇಕು. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ.